ಖಂಡೇನವಮಿಗೆ ಪೂಜೆಗೊಂಡ ಭರಣಿ

ಹೋದ ತಿಂಗಳು ದಾಂಡೇಲಿಯ ನಮ್ಮ ತರಬೇತಿ ಸಂಸ್ಥೆಗೆ ಹೊಸದಾಗಿ ಸೇರಿದ ಬೋಧಕರೊಬ್ಬರು ಫೋನು ಮಾಡಿದ್ದರು. ಎಲೆಕ್ಟ್ರಾನಿಕ್ಸ್ ವಿಭಾಗದ ಹಿಂದಿನ ಜಗಲಿಯ ಮೇಲೆ ಉಪ್ಪಿನಕಾಯಿ ಭರಣಿಯೊಂದು ಕೂತಿದೆ, ಒಳಗೆ ಹಸಿರು ನೀರಿದೆ, ಮೋರಿಗೆ ಚೆಲ್ಲಿ ಭರಣಿ ತೊಳೆಸಿಬಿಡಲೇ ಎಂದು ಕೇಳಿದರು. ಚೆಲ್ಲಬೇಡಿ, ತೊಳೆಸಬೇಡಿ, ಒಳಗಂತೂ ತರಲೇಬೇಡಿ ಎಂದೆ. ನನ್ನ ದನಿ ತುಸು ಏರಿತ್ತೆಂದು ಕಾಣುತ್ತದೆ, ಅವರು ಗಾಬರಿಯಾಗಿ ಯಾಕೆ ಸರ್ ಎಂದರು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಬರೆದು ಕಳಿಸುತ್ತೇನೆ ಎಂದೆ.

ಬರೆಯಲು ಕೂತ ಮೇಲೆ ಗೊತ್ತಾಯಿತು, ಭರಣಿಯ ವಿಷಯ ಒಂದೆರಡು ಪುಟದಲ್ಲಿ ಮುಗಿಯುತ್ತದೆ, ಬಸ್ತ್ಯಾಂವನ ವಿಷಯ ಮುಗಿಯುವುದಿಲ್ಲ. ಅವನು ನಮ್ಮ ವಿಭಾಗದ ಜವಾನ. ಆ ಭರಣಿಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನು. ಅದೇ ಭರಣಿಯ ದೆಸೆಯಿಂದ, ನನ್ನ ಒಂದು ಸೊಕ್ಕಿನ ಮಾತಿನಿಂದ, ಅವನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬೇರೆ ನಿವೃತ್ತರು ಬರೆದುಕೊಳ್ಳುತ್ತಾರೆ. ನಾನು ಇದೊಂದನ್ನು ಬರೆದರೆ ಸಾಕು.

ನನ್ನ ಊರು ಹಳಿಯಾಳ ತಾಲೂಕಿನ ತೇರಗಾಂವ. ಮನೆಯಲ್ಲಿ ಎಲ್ಲರೂ ಹೊಲದವರು. ನಾನು ಮಾಡುವುದು ಎಂಥ ಕೆಲಸ ಎಂದು ನಮ್ಮ ತಂದೆಗೆ ಕೊನೆಯವರೆಗೂ ತಿಳಿಯಲಿಲ್ಲ. ಯಾರಾದರೂ ಕೇಳಿದರೆ ರೇಡಿಯೋ ರಿಪೇರಿ ಕಲಿಸುತ್ತಾನೆ ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅವರಿಗೆ ತಿಳಿಸಿದ ಹಾಗೆಯೇ ನಿಮಗೂ ಹೇಳುತ್ತೇನೆ. ಸರ್ಕ್ಯೂಟ್ ಬೋರ್ಡು ಎಂದರೆ ಮೈತುಂಬ ತಾಮ್ರ ಹೊದ್ದ ಒಂದು ಹಲಗೆ. ನಮಗೆ ಬೇಕಾದ ಗೆರೆಗಳ ಮೇಲೆ ಬಣ್ಣ ಬಳಿದು ತಾಮ್ರ ತಿನ್ನುವ ದ್ರಾವಣದಲ್ಲಿ ಮುಳುಗಿಸಬೇಕು. ಬಣ್ಣದ ಅಡಿಯ ತಾಮ್ರ ಉಳಿಯುತ್ತದೆ, ಮಿಕ್ಕದ್ದನ್ನು ದ್ರಾವಣ ತಿಂದು ಹಾಕುತ್ತದೆ. ಉಳಿದ ಗೆರೆಯೇ ತಂತಿ. ಇದಕ್ಕೆ ಎಚಿಂಗ್ ಎನ್ನುತ್ತಾರೆ.

ನಾನು ಸೇರಿದಾಗ ಈ ತಿನ್ನುವ ಕೆಲಸಕ್ಕೆ ಫೆರಿಕ್ ಕ್ಲೋರೈಡ್ ಎಂಬ ಪುಡಿ ಹುಬ್ಬಳ್ಳಿಯಿಂದ ಬರುತ್ತಿತ್ತು. ನೀರಿಗೆ ಹಾಕಿದರೆ ಹಳೆಯ ಕಷಾಯದಂಥ ಬಣ್ಣ. ಅಂಗಿಗೆ ಒಂದು ಹನಿ ಬಿದ್ದರೆ ಆ ಅಂಗಿ ಮುಂದೆ ಒರೆಸುವ ಬಟ್ಟೆಯೇ. ನನ್ನ ಹೆಂಡತಿ ನನ್ನ ಕೆಲಸದ ಅಂಗಿಗಳನ್ನು ಬೇರೆ ಬಕೀಟಿನಲ್ಲಿ ಒಗೆಯುತ್ತಿದ್ದಳು. ಮಳೆಗಾಲದಲ್ಲಿ ಆ ಪುಡಿ ಡಬ್ಬಿಯೊಳಗೇ ನೀರು ಕುಡಿದು ಅಂಟಾಗುತ್ತಿತ್ತು. ಒಂದು ವರ್ಷ ಪ್ರಾಯೋಗಿಕ ಪರೀಕ್ಷೆ ಎದುರಿಗಿದ್ದಾಗ ಇದ್ದದ್ದು ಹಾಳಾಯಿತು, ಹೊಸದು ಬರಲಿಲ್ಲ. ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದು ಆಗ ನೆನಪಾಯಿತು: ಸಂಡಾಸು ತೊಳೆಯುವ ಆ್ಯಸಿಡ್ಡಿಗೆ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ಅದರಲ್ಲಿ ತಾಮ್ರ ಕರಗಿಸಿದರೆ ಕಾಪರ್ ಕ್ಲೋರೈಡ್ ಆಗುತ್ತದೆ, ಅದೂ ತಾಮ್ರವನ್ನು ತಿನ್ನುತ್ತದೆ.

ಆ್ಯಸಿಡ್ಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತು. ಪೆರಾಕ್ಸೈಡಿಗೆ ಔಷಧಿ ಅಂಗಡಿಗೆ ಹೋಗಿ ಇದ್ದಷ್ಟೂ ಬಾಟಲಿ ಕೊಡಿ ಎಂದೆ. ಅಂಗಡಿಯವರು ಎಲ್ಲ ಬಾಟಲಿ ಚೀಲಕ್ಕೆ ತುಂಬುತ್ತ, ಸಣ್ಣ ದನಿಯಲ್ಲಿ, "ಬಸ್ ಪಲ್ಟಿ ಆಗೇತೇನ್ರಿ ಸರ?" ಎಂದು ಕೇಳಿದರು. ಇಲ್ಲ, ಹುಡುಗರ ಪರೀಕ್ಷೆ ಎಂದೆ. ಅವರಿಗೆ ಇನ್ನೂ ಆತಂಕವಾಯಿತು.

ಆ ಮೊದಲ ದ್ರಾವಣ ಮೆಲ್ಲಗೆ ತಿಂದಿತು, ಆದರೆ ಚೊಕ್ಕವಾಗಿ ತಿಂದಿತು. ಪರೀಕ್ಷೆ ನಡೆಯಿತು. ನನಗೆ ಧೈರ್ಯ ಬಂತು. ಧೈರ್ಯ ಬಂದ ಮೇಲೆ ಮಾಡಿದ ತಪ್ಪನ್ನು ಹೇಳುತ್ತೇನೆ, ಗಮನವಿಟ್ಟು ಓದಿ. ಔಷಧಿ ಅಂಗಡಿಯ ಪೆರಾಕ್ಸೈಡು ಬಹಳ ತೆಳು. ಎರಡನೇ ಸಲ ಹುಬ್ಬಳ್ಳಿಯಿಂದ ಗಟ್ಟಿಯದನ್ನು ತರಿಸಿದೆ. ಅದರ ಬಲ ಎಷ್ಟೋ ಪಟ್ಟು ಹೆಚ್ಚು. ನಾನು ಮಾತ್ರ ಹಳೆಯ ಅಳತೆಯಲ್ಲೇ ಸುರಿದೆ. ದ್ರಾವಣ ಕುದಿಯತೊಡಗಿತು, ಹಳದಿ ಮಿಶ್ರಿತ ಹೊಗೆ ಎದ್ದಿತು, ಗಂಟಲಿಗೆ ಚೂರಿ ಹಾಕಿದಂತಾಯಿತು. ಅದು ಕ್ಲೋರಿನ್. ನಾನು ಬಾಗಿಲಿನ ದಿಕ್ಕನ್ನೇ ಮರೆತು ಗೋಡೆ ತಡವುತ್ತಿದ್ದೆ. ಯಾರೋ ನನ್ನ ರಟ್ಟೆ ಹಿಡಿದು ದರದರ ಎಳೆದು ಜಗಲಿಗೆ ತಂದು ಕೂರಿಸಿದರು. ಆಮೇಲೆ ಮೂಗಿಗೆ ಒದ್ದೆ ಟವಲು ಕಟ್ಟಿಕೊಂಡು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಅವನೇ ಬಸ್ತ್ಯಾಂವ.

ಅವನು ಸಿದ್ದಿ ಜನಾಂಗದವನು, ಕ್ರಿಶ್ಚಿಯನ್. ಹಳಿಯಾಳದ ಆಚೆ ಕಾಡಂಚಿನ ಊರವನು. ಮನೆಯಲ್ಲಿ ಅವರದೇ ಕೊಂಕಣಿ, ನಮ್ಮೊಡನೆ ನಮ್ಮ ಕನ್ನಡ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವನು. ಆದರೂ ನಾನು ಅವನಿಗೆ ನೀನು ಎಂದೇ ಅಂದೆ, ಅವನು ನನಗೆ ನೀವು ಎಂದೇ ಅಂದ. ಈಗ ಬರೆಯುವಾಗ ಅವರು ಇವರು ಎಂದು ಮರ್ಯಾದೆ ಸುರಿದರೆ ಅದು ಸುಳ್ಳಾದೀತು, ಅದಕ್ಕೇ ಇದ್ದ ಹಾಗೆ ಬರೆಯುತ್ತಿದ್ದೇನೆ. ಅವನ ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಪ್ರಾಚಾರ್ಯರು ಸಹಿ ಹಾಕಿದ ಒಂದು ಕಾಗದ ಬಂದರೆ ಮುಂದಿನ ವರ್ಷ ಉಂಟು, ಬಾರದಿದ್ದರೆ ಇಲ್ಲ. ದಸರೆಯ ಮುಂದಿನ ತಿಂಗಳಲ್ಲಿ ಆ ಕಾಗದ ಬರುತ್ತಿತ್ತು. ಅದು ಬರುವವರೆಗೆ ಅವನು ರಜೆ ಕೇಳುತ್ತಿರಲಿಲ್ಲ, ಜ್ವರ ಬಂದರೂ ಬರುತ್ತಿದ್ದ.

ಹೊಗೆಯ ಘಟನೆಯಾದ ಮೇಲೆ ದ್ರಾವಣ ಬೆರೆಸುವುದನ್ನು ನಾನು ಸರಿಯಾಗಿ ಕಲಿತೆ. ನೀರಿಗೆ ಆ್ಯಸಿಡ್ಡು ಹಾಕಬೇಕು, ಆ್ಯಸಿಡ್ಡಿಗೆ ನೀರು ಹಾಕಬಾರದು. ಪೆರಾಕ್ಸೈಡು ಹನಿಹನಿಯಾಗಿ, ಬಯಲಿನಲ್ಲಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು, ಪಕ್ಕದಲ್ಲಿ ಒಂದು ಬಕೀಟು ನೀರು. ಪಾತ್ರೆ ಲೋಹದ್ದಾಗಿರಕೂಡದು. ಅದಕ್ಕೇ ನಮ್ಮ ಮನೆಯ ಉಪ್ಪಿನಕಾಯಿ ಭರಣಿಯನ್ನು ಹೆಂಡತಿಗೆ ಹೇಳದೆ ತಂದಿದ್ದೆ. ಅವಳು ಮಾವಿನಕಾಯಿ ಸೀಸನ್ನಿನಲ್ಲಿ ಅದನ್ನು ಮನೆಯೆಲ್ಲ ಹುಡುಕಿ, ಕೊನೆಗೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ತಿರುಗಿ ತಂದರೂ ಬೇಡ ಎಂದಳು, ಅದೂ ಸರಿಯೇ.

ಈ ದ್ರಾವಣದ ಚೆಂದವೆಂದರೆ ಅದು ತೀರಿಹೋಗುವುದಿಲ್ಲ. ತಾಮ್ರ ತಿಂದು ತಿಂದು ದಣಿದಾಗ ಕಪ್ಪಾಗುತ್ತದೆ. ಗಾಳಿ ಊದಿದರೆ ಮತ್ತೆ ಹಸಿರಾಗಿ ಎದ್ದು ಕೂರುತ್ತದೆ. ಮೀನಿನ ತೊಟ್ಟಿಗೆ ಗುಳ್ಳೆ ಬಿಡುವ ಸಣ್ಣ ಪಂಪೊಂದನ್ನು ತಂದು ಅದರ ನಳಿಕೆಯನ್ನು ಭರಣಿಯೊಳಗೆ ಇಳಿಬಿಟ್ಟಿದ್ದೆವು. ಆದರೆ ಯಾವಾಗ ಗಾಳಿ ಬೇಕು, ಯಾವಾಗ ಆ್ಯಸಿಡ್ಡು ಬೇಕು ಎಂದು ತಿಳಿಯುವುದು ಕಷ್ಟ. ಪುಸ್ತಕ ನೋಡಿ ನಾನು ಲೆಕ್ಕ ಹಾಕುತ್ತಿದ್ದೆ, ತಪ್ಪುತ್ತಿದ್ದೆ. ಬಸ್ತ್ಯಾಂವ ಇಂಜೆಕ್ಷನ್ನಿನ ಖಾಲಿ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅವನ ಮನೆತನದವರು ಜೇನು ಕೀಳುವವರು. ಬಿಸಿಲಿಗೆ ಹಿಡಿದ ಜೇನಿನ ಬಣ್ಣ ನೋಡಿ ಅದು ಯಾವ ಹೂವಿನ ಕಾಲದ್ದು ಎಂದು ಹೇಳುವ ಕಣ್ಣು ಅದು.

"ಇದಕ್ಕ ಹೊಟ್ಟಿ ತುಂಬೇತ್ರಿ ಸರ, ಉಸರ ಬೇಕು," ಎಂದರೆ ಗಾಳಿ ಊದಬೇಕು. ಬೋರ್ಡಿನ ಮೇಲೆ ಬಿಳಿ ಪುಡಿ ಕೂತರೆ, ಗಾಳಿ ಊದಿದರೂ ಹಸಿರು ತಿಳಿಯಾಗದಿದ್ದರೆ, "ಹುಳಿ ಕಡಿಮಿ ಆಗೇತಿ," ಎನ್ನುತ್ತಿದ್ದ. ಎಂದರೆ ಆ್ಯಸಿಡ್ಡು ಬೇಕು. ಒಂದು ಸಲವೂ ತಪ್ಪಲಿಲ್ಲ. ನಾನು ಅವನ ಮಾತನ್ನು ರಸಾಯನಶಾಸ್ತ್ರದ ಭಾಷೆಗೆ ತಿರುಗಿಸಿ ಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ಹೆಸರು ನನಗೆ ಬರುತ್ತಿತ್ತು. ಬೇರೆ ಸಂಸ್ಥೆಯವರು ನೋಡಲು ಬಂದಾಗ ನಾನೇ ಮುಂದೆ ನಿಂತು ವಿವರಿಸುತ್ತಿದ್ದೆ, ಅವನು ಚಹಾ ತರಲು ಹೋಗಿರುತ್ತಿದ್ದ.

ಒಮ್ಮೆ ತಪಾಸಣೆಗೆ ಒಬ್ಬ ಸಾಹೇಬರು ಬಂದಿದ್ದರು. ಇದು ಕಬ್ಬಿಣವನ್ನೂ ತಿನ್ನುತ್ತದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಕಪಾಟಿನ ಬೀಗದ ಕೈಯನ್ನೇ ಅದ್ದಿದರು. ತೆಗೆದಾಗ ಅದರ ಮೈಗೆಲ್ಲ ತಾಮ್ರ ಹತ್ತಿ ಕೆಂಪಗೆ ಹೊಳೆಯುತ್ತಿತ್ತು. ಬಹಳ ಖುಷಿಯಾಗಿ ಅದನ್ನು ಎಲ್ಲರಿಗೂ ತೋರಿಸಿದರು. ಮರುವಾರ ಅವರ ಕಚೇರಿಯಿಂದ ಫೋನು ಬಂತು. ಕಪಾಟು ತೆರೆಯುತ್ತಿಲ್ಲ, ಕೀಲಿಯ ಹಲ್ಲುಗಳೇ ಸವೆದಿವೆ. ನಾವು ಮೂರು ದಿನ ನಕ್ಕೆವು. ಆದರೆ ಬಸ್ತ್ಯಾಂವನಿಗೆ ಅದರಿಂದ ಒಂದು ಉಪಾಯ ಹೊಳೆಯಿತು. ನಮ್ಮ ವಿದ್ಯಾರ್ಥಿನಿ ಸುಮನ್ ಎಂಬವಳು ಕಾಳಿ ನದಿಯ ದಂಡೆಯ ಕೋಗಿಲಬನದವಳು. ಬೋರ್ಡು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಸರ್ ಎಂದು ಅವಳು ಕೇಳಿದಾಗ ನಾನು ಮೋರಿಗೆ ಎಂದಿದ್ದೆ. ಮೋರಿ ಎಲ್ಲಿಗೆ ಹೋಗುತ್ತದೆ ಎಂದು ಮತ್ತೆ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಾಮ್ರದ ನೀರು ಮೀನಿಗೆ ವಿಷ. ಅಂದಿನಿಂದ ತೊಳೆದ ನೀರನ್ನೆಲ್ಲ ಒಂದು ಡ್ರಮ್ಮಿನಲ್ಲಿ ಹಿಡಿದೆವು. ಬಸ್ತ್ಯಾಂವ ಅದಕ್ಕೆ ಹಳೆಯ ಮೊಳೆಗಳನ್ನು ಹಾಕಿ ತಾಮ್ರವನ್ನು ಅವಕ್ಕೆ ಹತ್ತಿಸಿ ತೆಗೆಯುತ್ತಿದ್ದ. ಆಮೇಲೆ ವಾಷಿಂಗ್ ಸೋಡಾ ಹಾಕಿ ಆ್ಯಸಿಡ್ಡು ಮುರಿದು, ತಳದ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದೆವು. ನೀವು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಗೆರೆ ಎಳೆಯುವ ರೀತಿಯೂ ಬದಲಾಗುತ್ತ ಬಂತು. ಮೊದಲು ಎನಾಮೆಲ್ ಬಣ್ಣ, ಸಣ್ಣ ಕುಂಚ. ಆಮೇಲೆ ಹುಡುಗಿಯರು ಉಗುರಿನ ಬಣ್ಣ ತಂದರು, ಅದು ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು. ಆ ವರ್ಷದ ಬೋರ್ಡುಗಳೆಲ್ಲ ಮದುವೆ ಮನೆಯ ಬೆರಳುಗಳಂತೆ ಇದ್ದವು. ಆಮೇಲೆ ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ಚಿತ್ರ ತೆಗೆದು, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಬೋರ್ಡಿಗೆ ಇಳಿಸುವುದು ಬಂತು. ಜೋಯಿಡಾ ಕಡೆಯ ಹುಡುಗನೊಬ್ಬ ಅತಿ ಉತ್ಸಾಹದಲ್ಲಿ ಇಸ್ತ್ರಿ ಒತ್ತಿ ಬೋರ್ಡನ್ನು ಹಪ್ಪಳದಂತೆ ಉಬ್ಬಿಸಿದ್ದ. ಈಗ ಎಲ್ಲರೂ ಚಿತ್ರ ಕಳಿಸಿ ಅಂಚೆಯಲ್ಲಿ ತಯಾರಾದ ಬೋರ್ಡು ತರಿಸುತ್ತಾರೆ. ತರಿಸಲಿ. ಆದರೆ ತಾಮ್ರ ಕರಗಿ ಗೆರೆ ಮೂಡುವುದನ್ನು ಒಮ್ಮೆ ಕಣ್ಣಾರೆ ನೋಡಿದವನಿಗೆ ಸರ್ಕ್ಯೂಟು ಅರ್ಥವಾಗುವ ರೀತಿಯೇ ಬೇರೆ ಎಂದು ನಾನು ಈಗಲೂ ವಾದ ಮಾಡುತ್ತೇನೆ.

ಈಗ ಖಂಡೇನವಮಿಗೆ ಬರುತ್ತೇನೆ.

ನಮ್ಮ ಕಡೆ ಖಂಡೇಪೂಜೆ, ಅದೇ ಆಯುಧಪೂಜೆ, ಎಂದರೆ ಸಣ್ಣ ಮಾತಲ್ಲ. ಕೆಲಸದ ಸಾಮಾನುಗಳನ್ನೆಲ್ಲ ತೊಳೆದು, ಎಣ್ಣೆ ಒರೆಸಿ, ಒಂದೆಡೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆಯಬೇಕು. ಪೂಜೆಯಾದ ಮೇಲೆ ದಸರೆ ಮುಗಿಯುವವರೆಗೆ ಅವನ್ನು ಮುಟ್ಟಕೂಡದು. ನಮ್ಮ ವಿಭಾಗದ ಕೋಣೆ ದೊಡ್ಡದು, ಅದಕ್ಕೆ ಪಕ್ಕದ ಫಿಟ್ಟರ್ ವಿಭಾಗದವರೂ ತಮ್ಮ ಅಳತೆಯ ಸಾಮಾನುಗಳನ್ನು ನಮ್ಮಲ್ಲೇ ತಂದಿಡುತ್ತಿದ್ದರು. ಆ ವರ್ಷ ಅವರಿಗೆ ಹೊಸ ವರ್ನಿಯರ್, ಹೊಸ ಮೈಕ್ರೋಮೀಟರ್‌ಗಳು ಬಂದಿದ್ದವು. ಬಸ್ತ್ಯಾಂವ ಎರಡು ದಿನ ಕೂತು ಪ್ರತಿಯೊಂದು ಸಾಮಾನನ್ನೂ ಹೊಳೆಯಿಸಿದ್ದ. ಹೂವಿನ ಸರಗಳನ್ನೂ ಅವನೇ ಕಟ್ಟಿದ್ದ. ಪ್ರತಿ ವರ್ಷ ಅವನೇ ಕಟ್ಟುತ್ತಿದ್ದ.

ಭರಣಿ ಆಗ ಕೋಣೆಯ ಕಿಟಕಿಯ ಹತ್ತಿರ ಇರುತ್ತಿತ್ತು. ರಜೆ ಬಂದಾಗ ಮಾತ್ರ ಬಸ್ತ್ಯಾಂವ ಅದನ್ನು ಜಗಲಿಗೆ ಸಾಗಿಸುತ್ತಿದ್ದ. ನಾನು ಅದನ್ನು ಯಾವತ್ತೂ ಹೇಳಿರಲಿಲ್ಲ, ಅವನೇ ಮಾಡುತ್ತಿದ್ದ, ಯಾಕೆಂದು ನಾನು ಕೇಳಿಯೂ ಇರಲಿಲ್ಲ. ಆ ದಿನ ಪೂಜೆಗೆ ಎಲ್ಲವನ್ನೂ ಜೋಡಿಸಿದ ಮೇಲೆ ಅವನು ಭರಣಿಯನ್ನು ಎತ್ತಿಕೊಂಡು ಹೊರಟ. ನನಗೆ ಎಲ್ಲಿಲ್ಲದ ಭಕ್ತಿ ಬಂದುಬಿಟ್ಟಿತ್ತು. ವರ್ಷವೆಲ್ಲ ನಮಗೆ ದುಡಿದದ್ದು ಅದು, ಅದಕ್ಕೆ ಪೂಜೆ ಬೇಡವೇ, ಸಾಮಾನುಗಳ ನಡುವೆ ಇಡು ಎಂದೆ. ರಜೆ ಮುಗಿದ ಮರುವಾರ ಪರೀಕ್ಷೆ ಇತ್ತು, ಅಷ್ಟರೊಳಗೆ ದ್ರಾವಣ ಹಸಿರಾಗಿರಲಿ ಎಂದು ಗಾಳಿಯ ಪಂಪನ್ನೂ ಚಾಲೂ ಮಾಡಿದೆ.

ಬಸ್ತ್ಯಾಂವ ಭರಣಿ ಇಟ್ಟ. ಆದರೆ ಕೈ ತೆಗೆಯಲಿಲ್ಲ. "ಸರ, ಇದನ್ನ ಹೊರಗ ಇಡೂಣ್ರಿ. ಇದರ ಉಸರು ಕಬ್ಬಿಣಕ್ಕ ಆಗಿ ಬರೂದಿಲ್ಲ," ಎಂದ.

ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಅವರೆದುರು ಜವಾನ ತಿದ್ದಿದ್ದು ನನಗೆ ಇರುಸುಮುರುಸಾಯಿತು. ನಾನು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ: "ಇದು ನಮ್ಮ ಹಬ್ಬ, ನಿನಗ ತಿಳಿಯೂದಿಲ್ಲ. ಸುಮ್ಮನ ಇಡು."

ಅವನು ಕೈ ತೆಗೆದ. ಕಾಯಿ ಒಡೆದೆವು, ಚುರುಮುರಿ ಹಂಚಿದೆವು. ಮಂಗಗಳು ನುಗ್ಗಿ ಹೂವು ಚೆಲ್ಲಾಡುತ್ತವೆ ಎಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಸಿದೆ. ಬಸ್ತ್ಯಾಂವ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ವಾರದ ಕೊನೆಯೂ ಸೇರಿ ನಾಲ್ಕು ದಿನ ರಜೆ.

ಐದನೇ ದಿನ ಬಾಗಿಲು ತೆರೆದಾಗ ಮೂಗು ಚುರುಗುಟ್ಟಿತು. ಪಂಪು ಇನ್ನೂ ಗುಳುಗುಳು ಎನ್ನುತ್ತಿತ್ತು. ದ್ರಾವಣ ಎಂದೂ ಇಲ್ಲದಷ್ಟು ಹಸಿರಾಗಿತ್ತು. ಅದರ ಸುತ್ತ ಇದ್ದದ್ದೆಲ್ಲ ಕೆಂಪಾಗಿತ್ತು. ಮೊದಲು ನನಗೆ ಯಾರೋ ಕುಂಕುಮ ಚೆಲ್ಲಿದ್ದಾರೆ ಎನ್ನಿಸಿತು. ಹತ್ತಿರ ಹೋದರೆ ತುಕ್ಕು. ಕಬ್ಬಿಣ ಉಜ್ಜುವ ಕಾನಸುಗಳು, ಡ್ರಿಲ್ಲಿನ ಮೊನೆಗಳು, ಇಕ್ಕಳಗಳು, ಫಿಟ್ಟರ್ ವಿಭಾಗದ ಹೊಸ ವರ್ನಿಯರ್‌ಗಳು, ಎಲ್ಲವೂ. ಗುಳ್ಳೆಗಳು ಒಡೆಯುತ್ತ ಆ್ಯಸಿಡ್ಡಿನ ಆವಿಯನ್ನು ನಾಲ್ಕು ದಿನ ಆ ಮುಚ್ಚಿದ ಕೋಣೆಗೆ ಊದಿದ್ದವು. ಮೈಕ್ರೋಮೀಟರ್ ತಿರುಗಿಸಲು ಹೋದರೆ ಜರುಗಲಿಲ್ಲ.

ಬಸ್ತ್ಯಾಂವ ನನ್ನ ಮುಖ ನೋಡಲಿಲ್ಲ. ಮೊದಲು ಪಂಪು ಬಂದ್ ಮಾಡಿದ. ಆಮೇಲೆ ಭರಣಿ ಎತ್ತಿ ಹಿಂದಿನ ಜಗಲಿಗೆ ಒಯ್ದ. ಸೀಮೆಎಣ್ಣೆ, ತಂತಿಯ ಬ್ರಷ್ಷು ತಂದು ಕೂತು ಒಂದೊಂದೇ ಸಾಮಾನು ಉಜ್ಜತೊಡಗಿದ.

ಫಿಟ್ಟರ್ ವಿಭಾಗದ ಮುಖ್ಯಸ್ಥರು ಕೂಗಾಡಿದರು, ಅದರಲ್ಲಿ ತಪ್ಪೇನಿಲ್ಲ. ಅವರ ವಿದ್ಯಾರ್ಥಿಗಳ ಪರೀಕ್ಷೆಯೂ ಅದೇ ವಾರ. ನಮ್ಮ ಪ್ರಾಚಾರ್ಯರು ಒಬ್ಬ ಹೆಣ್ಣುಮಗಳು, ಮಾತು ಕಡಿಮೆ, ಶಿಸ್ತು ಜಾಸ್ತಿ. ಏನಾಯಿತೆಂದು ಬರೆದುಕೊಡಿ ಎಂದರು. ನಾನು ಬರೆದುಕೊಟ್ಟೆ. ಪೂಜೆಯ ಕೋಣೆಯಲ್ಲಿ ಎಚಿಂಗ್ ದ್ರಾವಣವಿತ್ತು, ಗಾಳಿಯ ಪಂಪು ಚಾಲೂ ಇತ್ತು, ಬಸ್ತ್ಯಾಂವ ಬೀಗ ಹಾಕಿದ, ಆವಿಯಿಂದ ತುಕ್ಕು ಹಿಡಿಯಿತು. ಒಂದು ಮಾತೂ ಸುಳ್ಳಲ್ಲ. ಅದನ್ನು ಇಡಿಸಿದವನು ಯಾರು, ಪಂಪು ಹಾಕಿದವನು ಯಾರು, ಬೇಡ ಎಂದವನು ಯಾರು, ಆ ಮೂರನ್ನು ಬರೆಯಲಿಲ್ಲ. ಓದಿದವರಿಗೆ ಅರ್ಥವಾಗುವುದು ಒಂದೇ: ತಿಳಿಯದ ಜವಾನ ಪಂಪು ನಿಲ್ಲಿಸದೆ ಬೀಗ ಹಾಕಿಕೊಂಡು ಹೋದ. ಹಾಗೆ ಅರ್ಥವಾಗಲಿ ಎಂದೇ ನಾನು ಬರೆದದ್ದು. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಆಗಿದ್ದು ಬರೀ ಹೆದರಿಕೆ.

ಪ್ರಾಚಾರ್ಯರು ಬಸ್ತ್ಯಾಂವನನ್ನು ಕರೆಸಿ ಹೇಳುವುದೇನಾದರೂ ಇದೆಯೇ ಎಂದು ಕೇಳಿದರಂತೆ. ಏನೂ ಇಲ್ಲ ಎಂದನಂತೆ. ನಾಳೆಯಿಂದ ಬರಬೇಡ, ಮುಂದಿನ ವರ್ಷದ ಕಾಗದವನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದಿದ್ದೇನೆ ಎಂದರು. ಅವನು ಸಂಜೆಯವರೆಗೆ ಕೂತು ಉಳಿದ ಸಾಮಾನು ಉಜ್ಜಿ, ಎಣ್ಣೆ ಒರೆಸಿ, ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು, "ಬರ್ತೇನ್ರಿ ಸರ," ಎಂದು ಹೋದ. ನಾನು ಯಾವುದೋ ಪುಸ್ತಕ ಓದುತ್ತಿರುವಂತೆ ಹೂಂ ಎಂದೆ.

ಹನ್ನೊಂದು ದಿನ ಅವನಿಲ್ಲದೆ ಕಳೆದವು. ದ್ರಾವಣ ಕಪ್ಪಾಯಿತು. ಗಾಳಿ ಬೇಕೋ ಆ್ಯಸಿಡ್ಡು ಬೇಕೋ ಎಂದು ತಿಳಿಯದೆ ನಾನು ಆ್ಯಸಿಡ್ಡು ಸುರಿದೆ. ಅದಕ್ಕೆ ಬೇಕಿದ್ದದ್ದು ಗಾಳಿ. ನಾನು ಸಣ್ಣ ಬಾಟಲಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ವಿದ್ಯಾರ್ಥಿಗಳು ನಗು ತಡೆದುಕೊಳ್ಳುತ್ತಿದ್ದರು. ಹೇಗೋ ನಮ್ಮ ಪರೀಕ್ಷೆ ಮುಗಿಯಿತು. ಫಿಟ್ಟರ್ ವಿಭಾಗದ್ದೂ ಮುಗಿಯಿತು. ಬಸ್ತ್ಯಾಂವ ಉಜ್ಜಿಟ್ಟುಹೋದ ವರ್ನಿಯರ್‌ಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಂದಿದ್ದವು, ಮೈಕ್ರೋಮೀಟರ್‌ಗಳು ಮಾತ್ರ ಹೋದವು.

ಹತ್ತನೇ ದಿನವೋ ಏನೋ, ಸುಮನ್ ತನ್ನ ಬೋರ್ಡು ತೋರಿಸಲು ಬಂದವಳು ಎಲ್ಲರೂ ಕೇಳುವಂತೆಯೇ ಕೇಳಿದಳು. "ಸರ, ಬಸ್ತ್ಯಾಂವ ಮಾಮಾ ಅವತ್ತ ಹೊರಗ ಇಡೂಣು ಅಂದಿದ್ರಲ್ರಿ?"

ನಿನ್ನ ಬೋರ್ಡು ನೀನು ನೋಡಿಕೋ ಎಂದೆ. ಅವಳು ತಲೆ ತಗ್ಗಿಸಿ ಹೋದಳು. ಉಳಿದವರು ಯಾರೂ ತಲೆ ಎತ್ತಲಿಲ್ಲ. ಹದಿನೆಂಟು ಹತ್ತೊಂಬತ್ತು ವರ್ಷದ ಆ ಮಕ್ಕಳಿಗೆಲ್ಲ ಗೊತ್ತಿತ್ತು, ನನಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು. ಅಂಥ ಮರ್ಯಾದೆ ಯಾರಿಗೂ ಬೇಡ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಹಬ್ಬದ ದಿನ ಅವನು ಕಟ್ಟಿದ ಸರ ಒಂದನ್ನು ನಮ್ಮ ಮನೆಯ ಬಾಗಿಲಿಗೂ ತಂದುಕೊಟ್ಟಿದ್ದನಲ್ಲ, ಅದನ್ನು ಕಟ್ಟಿದ್ದೇವಲ್ಲ ಎಂದಷ್ಟೇ ಅಂದಳು.

ಮರುದಿನ ಎರಡನೇ ಹೇಳಿಕೆ ಬರೆದೆ. ಮೊದಲನೆಯದು ಒಂದು ಪುಟವಿತ್ತು, ಇದು ಐದಾರು ಸಾಲು. ಭರಣಿ ಇಡಿಸಿದವನು ನಾನು. ಪಂಪು ಹಾಕಿದವನು ನಾನು. ಕಿಟಕಿ ಮುಚ್ಚಿಸಿದವನು ನಾನು. ಬಸ್ತ್ಯಾಂವ ಬೇಡ ಎಂದಿದ್ದ, ನಾನು ಅವನ ಬಾಯಿ ಮುಚ್ಚಿಸಿದೆ. ಪ್ರಾಚಾರ್ಯರು ಅದನ್ನು ಓದಿದರು. ಮೊದಲ ಹೇಳಿಕೆಯನ್ನು ಕಡತದಿಂದ ತೆಗೆದು ಪಕ್ಕದಲ್ಲಿಟ್ಟು ಮತ್ತೆ ಎರಡನ್ನೂ ಓದಿದರು. ನಾನು ನಿಂತೇ ಇದ್ದೆ, ಕೂರಿ ಎನ್ನಲಿಲ್ಲ. ಸಾಮಾನು ಕೆಡಿಸಿದ್ದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದರು ಕೊನೆಗೆ. ಮೊದಲ ಹೇಳಿಕೆಯನ್ನು ಬೆರಳಿನಿಂದ ನನ್ನ ಕಡೆ ತಳ್ಳಿದರು. ವಿಭಾಗದ ಉಸ್ತುವಾರಿಯನ್ನು ನನ್ನಿಂದ ತೆಗೆದರು. ಹಾಳಾದ ಮೈಕ್ರೋಮೀಟರ್‌ಗಳನ್ನು ನಾನು ತುಂಬಿಕೊಡಬೇಕೆಂದರು. ಭರಣಿ ಇನ್ನು ಮೇಲೆ ಜಗಲಿಯಿಂದ ಒಳಗೆ ಬರಕೂಡದೆಂದು ಆದೇಶ ಹೊರಡಿಸಿದರು. ಆ ಸಂಜೆಯೇ, ಶನಿವಾರವಾದರೂ ಗುಮಾಸ್ತರನ್ನು ಕೂರಿಸಿಕೊಂಡು, ಬಸ್ತ್ಯಾಂವನ ಕಾಗದ ಟೈಪು ಮಾಡಿಸಿ ಸಹಿ ಹಾಕಿ, ಅಂಚೆಗೆ ಹಾಕುವ ಬದಲು ನನ್ನ ಕೈಗೇ ಕೊಟ್ಟರು. ಒಯ್ದು ಮುಟ್ಟಿಸುವುದು ನನ್ನ ಕೆಲಸ ಎಂದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ.

ಆಮೇಲೆ ಬಸ್ತ್ಯಾಂವ ತನಗೆ ಅರವತ್ತಾಗುವವರೆಗೂ ನಮ್ಮಲ್ಲೇ ದುಡಿದ. ಬಣ್ಣ ನೋಡುವ ಪಾಠವನ್ನು ಅವನೇ ಮಾಡಿದ, ನಾನು ಪಕ್ಕದಲ್ಲಿ ನಿಂತು ಬಾಟಲಿ ಹಿಡಿದೆ. ಆ ಕಾಗದ ಒಯ್ದ ದಿನದ್ದನ್ನು ಹೇಳಿ ಮುಗಿಸುತ್ತೇನೆ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹಳಿಯಾಳಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಇಳಿದು, ಎರಡು ಮೈಲಿ ನಡೆದೆ. ಇಷ್ಟು ವರ್ಷಗಳಲ್ಲಿ ನಾನು ಅವನ ಮನೆಗೆ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದೆ. ಬಸ್ತ್ಯಾಂವ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಹೊಂದಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಕಾಗದ ಕೊಟ್ಟೆ. ತಪ್ಪು ನನ್ನದು ಎಂದು ಬರೆದುಕೊಟ್ಟಿದ್ದೇನೆ, ಅವತ್ತು ನಾನು ಆಡಬಾರದ ಮಾತು ಆಡಿದೆ, ನನ್ನನ್ನು ಕ್ಷಮಿಸಬೇಕು ಎಂದೆ. ಅವನು ಕಾಗದವನ್ನು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಕೂರಲು ಹೇಳಿದ. ಅವನ ಹೆಂಡತಿ ಬೆಲ್ಲದ ಕರಿ ಚಹಾ ತಂದುಕೊಟ್ಟಳು.

ಮೇಡಂ ಕೇಳಿದಾಗ ನೀನು ಇದ್ದದ್ದನ್ನು ಹೇಳಬಹುದಿತ್ತಲ್ಲ, ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನಾ ಹೇಳಿದ್ರ ಯಾರ ನಂಬ್ತಿದ್ರು ಸರ? ಕೀಲಿ ನನ್ನ ಕಡೆ ಇತ್ತು," ಎಂದ. ಸಿಟ್ಟಿನಿಂದ ಅನ್ನಲಿಲ್ಲ, ಬಣ್ಣ ನೋಡಿ ಹೇಳುವಾಗಿನ ದನಿಯಲ್ಲೇ ಅಂದ. "ನೀವ ಹೇಳ್ಬೇಕಾಗಿತ್ತು. ಹೇಳ್ತೀರಿ ಅನ್ನೂದು ನನಗ ಗೊತ್ತಿತ್ತು. ಯಾವತ್ತ ಹೇಳ್ತೀರಿ ಅನ್ನೂದು ಗೊತ್ತಿರ್ಲಿಲ್ಲ, ಅಷ್ಟ."

ನಾನು ಚಹಾದ ಲೋಟವನ್ನೇ ತಿರುಗಿಸುತ್ತ ಕೂತೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಷ್ಟ ನೋಡಲಾರದೆಯೋ ಏನೋ, ನಗುತ್ತ ಅಂದಳು, "ದಿನಾ ಮುಂಜಾನೆ ಗಡ್ಡಾ ಮಾಡ್ಕೊಂಡು, ಡ್ಯೂಟಿ ಅಂಗಿ ಹಾಕ್ಕೊಂಡು ಇಲ್ಲೇ ಕುಂಡರ್ತಾರ ನೋಡ್ರಿ. ಇವತ್ತ ಸರ ಕರ್ಯಾಕ ಬರ್ತಾರ ಅಂತ."

ಆಗಷ್ಟೇ ನಾನು ಅವನನ್ನು ಸರಿಯಾಗಿ ನೋಡಿದೆ. ಗಡ್ಡ ನುಣ್ಣಗೆ ಬೋಳಿಸಿತ್ತು. ಮೈಮೇಲೆ ಇಸ್ತ್ರಿ ಮಾಡಿದ ಖಾಕಿ ಅಂಗಿ ಇತ್ತು. ಅಂದು ರವಿ‌ವಾರ.